ಅಡ್ಡಹೆಸರಿಲ್ಲದ ಜಂಕ್ಷನ್

ಜನರಿಂದ ಅಡ್ಡಹೆಸರು ಪಡೆಯದ ಯಾವುದೇ ಹೆದ್ದಾರಿ ಜಂಕ್ಷನ್ನನ್ನು ಪೂರ್ಣಗೊಂಡ ಕಾಮಗಾರಿ ಎಂದು ಪರಿಗಣಿಸತಕ್ಕದ್ದಲ್ಲ. ಇದು ನಮ್ಮ ರಸ್ತೆ ಪ್ರಾಧಿಕಾರದ ನಿಯಮ. ಜನ ತಾವಾಗಿ ಬೈದು ಹೆಸರಿಟ್ಟರೆ ಮಾತ್ರ ಜಂಕ್ಷನ್ನು 'ಮಹಾಜಟಿಲ' ದರ್ಜೆಗೆ ಏರುತ್ತದೆ, ವಿಶೇಷ ಅನುದಾನ ಬರುತ್ತದೆ. ಜಟಿಲತೆ ಅಳೆಯುವ ಯಂತ್ರ ಇನ್ನೂ ಬಂದಿಲ್ಲವಾದ್ದರಿಂದ ಸಾರ್ವಜನಿಕರ ಬಾಯಿಯನ್ನೇ ನಂಬಬೇಕಾಗಿದೆ. ಉತ್ತರದ ಜಂಕ್ಷನ್ನಿಗೆ ಜನ 'ಕಗ್ಗಂಟು' ಅಂದರು, ದಕ್ಷಿಣದ್ದಕ್ಕೆ 'ಅತ್ತೆಮನೆ' ಅಂದರು. ಎರಡೂ ಕಡೆಯ ಎಂಜಿನಿಯರುಗಳು ಹೊಸ ಮನೆ ಕಟ್ಟಿಸಿದರು.

ನಾನು ಅಡ್ಡಹೆಸರು ಗಣತಿ ಶಾಖೆಯ ಅಧಿಕಾರಿ. ಪೂರ್ವದ ಜಂಕ್ಷನ್ ಉದ್ಘಾಟನೆಯಾದ ಮೇಲೆ ಅದರ ಬುಡದಲ್ಲಿ ನಿಂತು ತಿಂಗಳುಗಟ್ಟಲೆ ಕಿವಿಗೊಟ್ಟೆ. ಜನ ಬರುತ್ತಿದ್ದರು, ಹೋಗುತ್ತಿದ್ದರು. ಕೃತಘ್ನರು, ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ.

"ಒಬ್ಬನಾದ್ರೂ ಬೈದನೇನ್ರೀ?" ಎಂದು ಮುಖ್ಯ ಎಂಜಿನಿಯರರು ಕೇಳಿದರು.

"ಇಲ್ಲ ಸಾರ್. ಲಾರಿಯವನೊಬ್ಬ ಚೆನ್ನಾಗಿದೆ ಅಂದ."

ಅವರು ತಲೆ ಮೇಲೆ ಕೈಹೊತ್ತು ಕೂತರು. "ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ಮಾತು ಕೇಳಿರ್ಲಿಲ್ಲ" ಅಂದರು.

ಕೂಡಲೇ ಒಂದು ಸುರುಳಿ ರಸ್ತೆ ಸೇರಿಸಲಾಯಿತು. ಬಲಕ್ಕೆ ಹೋಗುವವರು ಎಡಕ್ಕೆ ಹತ್ತಿ, ಸುತ್ತಿ, ಇಳಿದು, ಮತ್ತೆ ಹತ್ತಬೇಕು. ನಮ್ಮ ಜನರಿಗೋ ತಾಳ್ಮೆಯೇ ಒಂದು ಚಟ, ವಾರದೊಳಗೆ ಒಗ್ಗಿಹೋದರು. ಅಭಿವೃದ್ಧಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ. ಅನಿವಾರ್ಯವಾಗಿ ಎರಡನೇ ಸುರುಳಿ ಹಾಕಿದೆವು.

ಅದು ಒಬ್ಬ ದರ್ಜಿ ಹೆಂಗಸಿನ ಕಿಟಕಿಯ ಮುಂದೆಯೇ ಹಾದುಹೋಯಿತು. ಆಕೆ ಒಂದೇ ಕೋಣೆಯ ಸ್ವಂತ ಮನೆಯಲ್ಲಿ ಅತ್ತೆಯನ್ನು ಇಟ್ಟುಕೊಂಡು, ಹೊಲಿಗೆ ಮೆಷಿನ್ನಿನಿಂದ ಬದುಕುತ್ತಿದ್ದವಳು. ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತಳು.

"ಸಾರ್, ಸೂಜಿಗೆ ದಾರ ಪೋಣಿಸೋಕೂ ಬೆಳಕಿಲ್ಲ. ಮೂರನೇದು ಬಂದ್ರೆ ಅದರ ಕಂಬ ನಮ್ಮನೆ ಒಳಗೇ ನಿಲ್ಲುತ್ತಂತೆ. ಏನು ಮಾಡಿದ್ರೆ ನಿಲ್ಲಿಸ್ತೀರಿ?"

"ಅಡ್ಡಹೆಸರು ಬಂದ್ರೆ ನಿಲ್ಲಿಸ್ತೀವಮ್ಮ."

"ಅಷ್ಟೇನಾ? ಬರ್ಕೊಳ್ಳಿ. ದಾರದುಂಡೆ."

ಕೇಳಿ ಇಡಿಸಿದ ಹೆಸರು ಹೆಸರಲ್ಲ, ಅದು ಒಳಗಿನಿಂದ ಉಕ್ಕಿ ಬರಬೇಕು ಎಂದು ತಿಳಿಹೇಳಿದೆ. ಆಕೆ ಸುಮ್ಮನಿರುವ ಪೈಕಿಯವಳಲ್ಲ. ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿ, ಅವರು ಬಸ್ಸಿನಲ್ಲಿ ಹೇಳಿ, ಊರೆಲ್ಲ 'ದಾರದುಂಡೆ' ಅನ್ನತೊಡಗಿತು. ಮುಖ್ಯ ಎಂಜಿನಿಯರರು ಸಿಹಿ ಹಂಚಿದರು. ಅಷ್ಟರಲ್ಲಿ ಅಡ್ಡಹೆಸರುಗಳ ಸಾಚಾತನ ಪರಿಶೀಲಿಸುವ ವಿಚಾರಣಾ ಸಮಿತಿಯ ಪ್ರಕಟಣೆ ಹೊರಬಿತ್ತು: "ಸದರಿ ಅಡ್ಡಹೆಸರು ಮನೆ ಉಳಿಸಿಕೊಳ್ಳುವ ಸ್ವಾರ್ಥದಿಂದ ಹುಟ್ಟಿರುವುದು ಕಂಡುಬಂದಿದ್ದು, ಅದನ್ನು ರದ್ದುಪಡಿಸಲಾಗಿದೆ. ಸಾರ್ವಜನಿಕರು ಇನ್ನು ಮುಂದೆ ಪ್ರಾಮಾಣಿಕವಾಗಿ ಬೈಯತಕ್ಕದ್ದು."

ಮೂರನೇ ಸುರುಳಿಗೆ ಮಂಜೂರಾತಿ ಸಿಕ್ಕಿತು.

ಮನೆ ಕೆಡವುವಾಗ ಕರ್ತವ್ಯದ ಮೇಲೆ ನಾನೂ ಹೋಗಿದ್ದೆ. ಮೆಷಿನ್ನು ಹೊರಗೆ ಬಂತು, ಆಮೇಲೆ ಅತ್ತೆಯ ಮಂಚ, ಮಂಚದ ಮೇಲೆ ಅತ್ತೆ. "ಸಾಯೋ ಕಾಲಕ್ಕೆ ನನ್ನನ್ನು ಬೀದಿಗೆ ತಂದ್ರಲ್ಲೇ ಈ ಮುಂಡೇಗಂಡರು" ಎಂದು ಮುದುಕಿ ಸೊಸೆಗೆ ಹೇಳಿದಳು. ಹೆಸರಾಗಲು ಉದ್ದವಾಯಿತೆಂದು ನಾನು ಬರೆದುಕೊಳ್ಳಲಿಲ್ಲ. ಸೊಸೆ ಅಳಲಿಲ್ಲ. ಗೋಡೆ ಬೀಳುವುದನ್ನು ನೋಡುತ್ತಾ, ಯಾರಿಗೂ ಅಲ್ಲದೆ, "ಬಾಳು ಮೂರಾಬಟ್ಟೆ ಆಗೋಯ್ತು" ಅಂದಳು.

ನನಗೆ ರೋಮಾಂಚನವಾಯಿತು. "ಏನಂದ್ರಿ? ಇನ್ನೊಂದು ಸಲ ಹೇಳಿ" ಅಂದೆ. ಆಕೆ ಹೇಳಲಿಲ್ಲ. ಪುಣ್ಯಕ್ಕೆ ಬುಲ್ಡೋಜರಿನವನೂ ಇಬ್ಬರು ಕೂಲಿಯವರೂ ಕೇಳಿಸಿಕೊಂಡಿದ್ದರು.

ಸಮಿತಿ ಈ ಬಾರಿ ಒಂದೇ ಸಭೆಯಲ್ಲಿ ಒಪ್ಪಿತು. ಮಾತು ತಾನಾಗಿ ಬಂದದ್ದು, ಯಾರೂ ಕೇಳಿ ಆಡಿಸಿದ್ದಲ್ಲ. ಇನ್ನು ಸ್ವಾರ್ಥದ ಪ್ರಶ್ನೆ: ಮನೆಯೇ ಇಲ್ಲದ ಮೇಲೆ ಮನೆ ಉಳಿಸಿಕೊಳ್ಳುವ ಸ್ವಾರ್ಥ ಎಲ್ಲಿಂದ ಬರಬೇಕು? ಆಕೆಯನ್ನು ನಿಷ್ಪಕ್ಷಪಾತ ನಾಗರಿಕಳೆಂದು ಘೋಷಿಸಲಾಯಿತು.

ಅನುದಾನ ಬಂತು. ಹಸಿರು ಫಲಕದ ಮೇಲೆ ದಪ್ಪಕ್ಷರದಲ್ಲಿ 'ಮೂರಾಬಟ್ಟೆ' ಎಂದು ಬರೆಸಿದೆವು. ಸಮಾರಂಭದಲ್ಲಿ ಆಕೆಗೆ ಶಾಲು ಹೊದಿಸಿ, ಎರಡು ಮಾತಾಡಿ ಅಂದಾಗ ಆಕೆ ಮೈಕಿಗೆ ಬೆನ್ನುಹಾಕಿ ಮುಖ್ಯ ಎಂಜಿನಿಯರರನ್ನೇ ಕೇಳಿದಳು: "ಹೆಸರು ಸಿಕ್ತಲ್ಲ ಸಾರ್. ಈಗಲಾದ್ರೂ ಆ ಕಂಬ ತೆಗೆಸಿ, ಜಾಗ ಬಿಡಿ."

"ಹೇಗಾಗುತ್ತಮ್ಮ? ಕಂಬ ತೆಗೆದ್ರೆ ನಿಮ್ಮ ಬಾಳು ಸರಿಹೋಗುತ್ತೆ. ಬಾಳು ಸರಿಹೋದ್ರೆ ಹೆಸರು ಸುಳ್ಳಾಗುತ್ತೆ. ಹೆಸರು ಸುಳ್ಳಾದ್ರೆ ಅನುದಾನ ವಾಪಸ್ಸು ಹೋಗುತ್ತೆ."

ಸಭೆಯಲ್ಲಿದ್ದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಆಕೆಯೂ ಸ್ವಲ್ಪ ಹೊತ್ತು ಯೋಚಿಸಿ ತಲೆಯಾಡಿಸಿದಳು.

ಈಗ ಆಕೆ ಆ ಕಂಬಕ್ಕೇ ಟಾರ್ಪಾಲು ಕಟ್ಟಿಕೊಂಡು ಹೊಲಿಯುತ್ತಾಳೆ. ಮೊನ್ನೆ ನನ್ನ ಪ್ಯಾಂಟಿನ ಬಟ್ಟೆ ಕೊಡಲು ಹೋದಾಗ ಯಾರೋ ಗಿರಾಕಿ ಫೋನಿನಲ್ಲಿ ಅಂಗಡಿ ಎಲ್ಲಿ ಎಂದು ಕೇಳುತ್ತಿದ್ದರು. "ಮೂರಾಬಟ್ಟೆ ಕೆಳಗೇ ಬನ್ನಿ, ಯಾರನ್ನ ಕೇಳಿದ್ರೂ ತೋರಿಸ್ತಾರೆ" ಎಂದು ಹೇಳಿ, ಆಕೆ ನನ್ನ ಸೊಂಟದ ಅಳತೆ ತೆಗೆದುಕೊಂಡಳು.