ಅಜ್ಜಿಯ ಮೊಳ

ಎಲ್ಲ ತಾಪತ್ರಯಕ್ಕೂ ಕಾರಣ ಒಂದು ಮೊಳ.

"ಮಗ್ಗದಲ್ಲಿ ಕೂತಾಗ ಎಳೆ ಕಣ್ಣಿಂದ ಎಷ್ಟು ದೂರ ಇರ್ತದೆ ಅವ್ವಾ?" ಎಂದು ಕೊಳ್ಳೇಗಾಲದ ಕನ್ನಡಕದಂಗಡಿಯ ಹೊನ್ನಯ್ಯ ಬೆಳಿಗ್ಗೆ ಅಂಗಡಿಯಲ್ಲಿ ಕೇಳಿದ್ದ.

"ಒಂದ್ ಮೊಳ ಕಣಪ್ಪ," ಎಂದಿದ್ದಳು ಮಹದೇವಮ್ಮಜ್ಜಿ.

ಸರ್ಕಾರ ಸೆಂಟಿಮೀಟರು ತಂದು ವರ್ಷಗಳಾಗಿದ್ದರೂ ನೇಕಾರರ ಬೀದಿಗೆ ಅದಿನ್ನೂ ಬಂದಿರಲಿಲ್ಲ. ಹೊನ್ನಯ್ಯ ತನ್ನ ಮೊಳಕೈಯಿಂದ ಬೆರಳ ತುದಿಗೇ ಟೇಪು ಹಿಡಿದ. ಇಪ್ಪತ್ತು ಇಂಚು. ಅಜ್ಜಿಗೆ ದೂರದ ನೋಟ ಚೆನ್ನಾಗಿತ್ತು, ಹತ್ತಿರದ್ದಷ್ಟೇ ಮಸುಕು. ಅಂಥವರ ಲೆಕ್ಕ ಸುಲಭ: ನಲವತ್ತನ್ನು ಇಂಚಿನಿಂದ ಭಾಗಿಸಿದರೆ ಗಾಜಿನ ಪವರ್. ಎರಡು.

ಈ ಲೆಕ್ಕದ ಮೇಲೆ ಅವನ ಮದುವೆ ನಿಂತಿತ್ತು. ಅಜ್ಜಿಯ ಮೊಮ್ಮಗಳು ಚೌಡೇಶ್ವರಿಯನ್ನು ಅವನಿಗೆ ಕೊಡಲು ಹಿರಿಯರೆಲ್ಲ ಒಪ್ಪಿದ್ದರು. ಅಜ್ಜಿ ಮಾತ್ರ, "ನನ್ ಕಣ್ಗೆ ಎಳೆ ಕಾಣಂಗೆ ಮಾಡ್ಲಿ, ಆಮ್ಯಾಕೆ ತಾಂಬೂಲ," ಎಂದು ಪಟ್ಟು ಹಿಡಿದಿದ್ದಳು.

ಸಂಜೆ ಅಜ್ಜಿಯ ಮನೆಯಲ್ಲಿ ಕನ್ನಡಕ ಮೂಗಿಗೇರಿತು. ಅಜ್ಜಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತಳು. ಎಳೆ ಮಸುಕು. ಹಿಂದಕ್ಕೆ ಬಾಗಿದಳು, ಚೂರು ಕಂಡಿತು. ಇನ್ನೂ ಬಾಗಿದಳು, ಚೆನ್ನಾಗಿ ಕಂಡಿತು, ಆದರೆ ಲಾಳಿ ಕೈಗೆಟುಕಲಿಲ್ಲ. ಮತ್ತೂ ಬಾಗಿದವಳು ಮಗುಚಿದ ಆಮೆಯಂತೆ ಅಂಗಾತ ಬಿದ್ದಳು. ಕಾಫಿ ತರುತ್ತಿದ್ದ ಪಕ್ಕದ ಮನೆಯ ರಂಗಮ್ಮ ಅವಳನ್ನೆಡವಿದಳು, ಕಾಫಿಯೆಲ್ಲ ಹೊನ್ನಯ್ಯನ ಬಿಳಿ ಪಂಚೆಗೆ ಸುರಿಯಿತು.

"ಕನ್ನಡ್ಕಕ್ಕೆ ದೃಷ್ಟಿ ತಾಗ್ಬುಟ್ಟದೆ ಕಣ್ರಿ. ಮೆಣಸಿನ್ಕಾಯಿ ನಿವಾಳ್ಸಿ," ಎಂದಳು ರಂಗಮ್ಮ.

"ಸುಮ್ಕಿರಮ್ಮಿ, ಕನ್ನಡ್ಕಕ್ಕೆ ಬೇಕಾಗಿರೋದೇ ದೃಷ್ಟಿ!" ಅಜ್ಜಿ ಸೊಂಟ ಹಿಡಿದು ಎದ್ದಳು. "ಓಗ್ಲಿ ಬುಡು ಒನ್ನಯ್ಯ, ಸುಮಾರಾಗ್ ಕಾಣ್ತದೆ. ನಾನಿನ್ನೆಷ್ಟ್ ದಿನ ನೇಯ್ತೀನಿ? ಚೌಡಿ ನೇಯ್ತಾವ್ಳಲ್ಲ. ರಂಗಿ, ಎಲೆ ಅಡ್ಕೆ ತತ್ತಾ."

ಬಾಗಿಲ ಮರೆಯಲ್ಲಿ ಚೌಡೇಶ್ವರಿ ನಿರಾಳವಾಗಿ ಉಸಿರುಬಿಟ್ಟಳು. ಹೊನ್ನಯ್ಯ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಆಗಿಹೋಗುತ್ತಿತ್ತು. ಆದರೆ ಅವನ ಕಣ್ಣು ಅಜ್ಜಿಯ ಕೈಯ ಮೇಲೆ ಬಿದ್ದಿತ್ತು. ಎಷ್ಟು ಪುಟ್ಟ ಕೈ!

"ಸುಮಾರು ಅನ್ನೋದು ನಮ್ ಕೆಲ್ಸದಲ್ಲಿಲ್ಲ ಅವ್ವಾ. ನಾನ್ ಅಳೆದಿದ್ದು ನನ್ನ ಮೊಳ, ನಿಮ್ಮದಲ್ಲ."

"ಅದ್ಯಾಕಪ್ಪ, ಊವಿನೋಳ್ ತಾವ ಮೊಳಕ್ಕೆ ಜಗ್ಳ ಆಡೋರಂಗೆ ಆಡ್ತೀಯ!" ರಂಗಮ್ಮ ನಕ್ಕಳು.

ಹೊನ್ನಯ್ಯ ಕೇಳಲಿಲ್ಲ. ಅಜ್ಜಿಯನ್ನು ಮಗ್ಗದಲ್ಲಿ ಕೂರಿಸಿ, ಕಣ್ಣಿಂದ ಎಳೆಯವರೆಗೆ ಟೇಪು ಹಿಡಿದ. ಹದಿನಾರು ಇಂಚು. ಹಾಗಾದರೆ ಎರಡೂವರೆ. ಕಾಫಿ ಪಂಚೆಯಲ್ಲೇ ಅಂಗಡಿಗೆ ಓಡಿ, ಗಾಜು ಬದಲಿಸಿ ತಂದ.

"ಅಯ್ಯೋ ಶಿವ್ನೇ, ಒಂದೊಂದ್ ಎಳೇನೂ ಕಾಣ್ತದಲ್ಲಾ!"

ಹೊನ್ನಯ್ಯ ಪೂರಿಯಂತೆ ಉಬ್ಬಿದ. ತಾಂಬೂಲದ ತಟ್ಟೆ ಹತ್ತಿರ ಬಂತು. ಅಜ್ಜಿಯ ನೋಟ ಮಗ್ಗದ ಮೇಲಿನ ಸೀರೆಯ ಅಂಚಿನುದ್ದಕ್ಕೂ ಹರಿಯಿತು, ನಿಂತಿತು. ಮತ್ತೆ ಹರಿಯಿತು, ನಿಂತಿತು.

"ಚೌಡೀ! ಇದ್ಯಾವ್ ನೆಯ್ಗೆ ಅಮ್ಮಿ? ಇಲ್ಲಿ ಎಳೆ ತಪ್ಬುಟ್ಟದೆ, ಇಲ್ಲಿ ಗಂಟು! ಮಾವಿನ್ಕಾಯ್ ಬುಟ್ಟಾ ಬದ್ನೇಕಾಯ್ ಆಗ್ ಕೂತದೆ! ಇಷ್ಟ್ ದಿನ ಕೈಲಿ ಸವರಿ ಸವರಿ ಚಂದಾಗದೆ ಅಂತಿದ್ನಲ್ಲಾ ನಾನು!"

ಕಣ್ಣು ಕಾಣದಿದ್ದಾಗ ಆ ಮನೆಯಲ್ಲಿ ಎಷ್ಟು ನೆಮ್ಮದಿಯಿತ್ತೆಂದು ಹೊನ್ನಯ್ಯನಿಗೆ ಆಗ ಅನ್ನಿಸಿತು.

"ತಟ್ಟೆ ಒಳಿಕ್ ಮಡಗು ರಂಗಿ. ನೆಯ್ಗೆ ಬರ್ದಿರೋ ಎಣ್ಣು ಕೊಟ್ಟು ಮಾನ ಕಳ್ಕಳ್ನಾ? ಮೊದ್ಲು ಕಲೀಲಿ. ಮದ್ವೆ ಆಮ್ಯಾಕೆ ನೋಡವ."

"ನಮ್ಮನೇಲಿ ಮಗ್ಗಾನೇ ಇಲ್ವಲ್ಲ ಅವ್ವಾ..."

"ಮಗ್ಗ ಇಲ್ದಿದ್ರೂ ಮಾನ ಇರ್ತದಲ್ಲಪ್ಪ. ನೀನು ಕಣ್ ಕೊಟ್ಟೋನು, ನಿನ್ಗೆ ಮೋಸ ಮಾಡಕಾಯ್ತದಾ?"

ಹೊನ್ನಯ್ಯ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದಾಗ ಕಿಟಕಿಯಿಂದ ಚೌಡೇಶ್ವರಿ ಅವನೊಡನೆ ಮೊದಲ ಸಲ ಮಾತಾಡಿದಳು.

"ಸುಮಾರಾಗ್ ಕಂಡಿದ್ದು ಸಾಲ್ದಾಗಿತ್ತಾ ನಿಮ್ಗೆ?"