ಕೂತು ನೋಡುವ ಭಾಗ್ಯ

ಹೋಕುಲಾನಿಯ ದೂರು ಒಂದೇ. ಮದುವೆಯಾಗಿ ಬಂದಾಗಿನಿಂದ ಈ ದ್ವೀಪದಲ್ಲಿ ನಡೆದ ಯಾವ ಲುವಾವು ಔತಣವನ್ನೂ ಅವಳು ಕಣ್ಣಾರೆ ನೋಡಿಲ್ಲ. ನಾದಿನಿಯ ಮದುವೆಯಿರಲಿ, ಯಾರದೋ ಮಗುವಿನ ಮೊದಲ ಹುಟ್ಟುಹಬ್ಬವಿರಲಿ, ಅವಳ ಜಾಗ ಅಡುಗೆಮನೆ. ಗುಂಡಿಯಲ್ಲಿ ಬೆಂದ ಹಂದಿಮಾಂಸವನ್ನು ಬಿಡಿಸಿ, ಕೆಸುವಿನ ಗೆಡ್ಡೆಯ ಪೋಯ್ ಕಲಸಿ ಕಳಿಸುವಷ್ಟರಲ್ಲಿ ಅಂಗಳದಲ್ಲಿ ಬೆಂಕಿ ಕುಣಿತದ ಡೋಲು ಶುರುವಾಗಿರುತ್ತಿತ್ತು. ಅವಳ ಪಾಲಿಗೆ ಕುಣಿತವೆಂದರೆ ಗೋಡೆಯಾಚೆಯ ಸದ್ದು. (ಬೆಂಕಿಯನ್ನು ಮಾತ್ರ ಒಲೆಯಲ್ಲಿ ಧಾರಾಳವಾಗಿ ನೋಡಿದ್ದಳು.)

"ನನ್ನನ್ನ ರೆಸಾರ್ಟಿನ ಲುವಾವಿಗೆ ಕರಕೊಂಡು ಹೋಗು," ಎಂದಳು ಗಂಡ ಕೆಪಾನಿಗೆ.

"ಅದು ಪ್ರವಾಸಿಗಳಿಗೆ ಕಣೇ. ನಮ್ಮ ಹಿತ್ತಲಲ್ಲಿ ಆಗೋದನ್ನೇ ಅಲ್ಲಿ ಹೋಗಿ ನೋಡ್ತೀಯಾ?"

"ಹಿತ್ತಲಲ್ಲಿ ಆಗೋದನ್ನ ನೋಡಿದವನು ನೀನು. ನಾನು ಕೂತಿರಬೇಕು, ಬೇರೆಯವರು ಬಡಿಸಬೇಕು. ಬೆಂಕಿ ಕುಣಿತ ಮುಗಿಯೋವರೆಗೂ ಯಾರೂ ನನ್ನ ಎಬ್ಬಿಸಬಾರದು."

ಕೆಪಾ ಸೋತ.

ಕೋನಾ ತೀರದಲ್ಲಿ ಆ ಸಂಜೆ ಕಡಲು ಉಸಿರು ಹಿಡಿದಂತೆ ಹೊಳೆಯುತ್ತಿತ್ತು. ಹೆಂಡತಿಯನ್ನು ರೆಸಾರ್ಟಿನ ಬಾಗಿಲಲ್ಲಿ ಇಳಿಸಿ ಕೆಪಾ ಕಾರು ನಿಲ್ಲಿಸಲು ಹೋದ. ಅತಿಥಿಗಳಿಗೆ ಹೂಮಾಲೆ ಹಾಕಲು ಅಲ್ಲಿನ ಹಿರಿಯ ಕೆಲಸದಾಕೆ ವೈನಾನಿ ಆಂಟಿ ಬುಟ್ಟಿ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಗಾಳಿಯೊಂದು ಬೀಸಿ ಹೋಕುಲಾನಿಯ ಸಡಿಲ ಉದ್ದಂಗಿಯೊಳಗೆ ಹೊಕ್ಕು ಅಲ್ಲೇ ಬಿಡಾರ ಹೂಡಿತು. ಆಂಟಿ ಆ ಉಬ್ಬನ್ನು ನೋಡಿದಳು, ಮುಗುಳ್ನಕ್ಕಳು. ಕೈಯಲ್ಲಿದ್ದ ಮಾಲೆಯನ್ನು ಬುಟ್ಟಿಗೆ ಹಾಕಿ, ತುದಿ ಕಟ್ಟದ ಇನ್ನೊಂದನ್ನು ತೆಗೆದು ಹೆಗಲ ಮೇಲೆ ಇಳಿಬಿಟ್ಟಳು.

(ಬಸುರಿಯ ಕೊರಳಿಗೆ ತುದಿ ಕಟ್ಟಿದ ಮಾಲೆ ಹಾಕಿದರೆ ಮಗುವಿಗೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುತ್ತದೆಂದು ಅಲ್ಲಿನ ಹಿರಿಯರ ಭಯ.)

ಮಕ್ಕಳೆಲ್ಲ ಕಾಲೇಜು ಮುಟ್ಟಿದ ಹೋಕುಲಾನಿ "ಆಂಟಿ, ಇದು..." ಎಂದು ಬಾಯಿ ತೆರೆದಳು.

"ಏ, ಮುಂದಿನ ಸಾಲಲ್ಲಿ ಒರಗೋ ಕುರ್ಚಿ ಹಾಕ್ರೋ! ಬೆನ್ನಿಗೆ ದಿಂಬು ತನ್ನಿ!" ಎಂದು ಆಂಟಿ ಕೂಗಿದಳು.

ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು. ಊಟವಾದ ಮೇಲೆ ಹೇಳಿದರೂ ಸತ್ಯ ಸತ್ಯವೇ ಎಂದು ಅವಳ ಅಂತರಾತ್ಮ ಘನವಾದ ತೀರ್ಪು ಕೊಟ್ಟಿತು.

ಕೆಪಾ ಬಂದವನು ಮಾಲೆಯನ್ನು ಕಂಡು ಕಂಬದಂತೆ ನಿಂತ. ಅವಳು ತರಹೇಳಿದ್ದ ರಮ್ಮನ್ನು ಹಿಂದಕ್ಕೆ ಕಳಿಸಿ ಎಳನೀರು ತಂದಿಟ್ಟ. "ಕಾಲು ನೀಡಿ ಕೂತ್ಕೋ," ಎಂದ. ಕಡಲ ಗಾಳಿಗೆ ಇಷ್ಟೊಂದು ಶಕ್ತಿಯಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. "ಒಂದು ಫೋನ್ ಮಾಡಿ ಬರ್ತೀನಿ," ಎಂದು ಕಣ್ಣೊರೆಸಿಕೊಳ್ಳುತ್ತ ಆಚೆ ಹೋದ.

ಸೂರ್ಯ ನೀರಿಗಿಳಿದ. ಹುಲಾ ಕುಣಿಯುವ ಹುಡುಗಿಯರ ಕೈಗಳು ಅಲೆಯಾದವು, ಅಲೆ ಹಕ್ಕಿಯಾಯಿತು, ಹಕ್ಕಿ ಕತ್ತಲಲ್ಲಿ ಕರಗಿತು. ಯಾರೋ ತಟ್ಟೆ ತಂದರು, ಯಾರೋ ಒಯ್ದರು. "ಹೋಕು, ಉಪ್ಪೆಲ್ಲಿ?" ಎಂದು ಯಾರೂ ಕೂಗಲಿಲ್ಲ. ಹಗ್ಗ ಬಿಚ್ಚಿದ ದೋಣಿಯಂತೆ ಅವಳು ಕುರ್ಚಿಯಲ್ಲೇ ತೇಲಿದಳು.

ದೀಪಗಳು ಆರಿದವು. ಡೋಲು ಮೊಳಗಿತು. ಹೋಕುಲಾನಿ ನೆಟ್ಟಗೆ ಕೂತಳು. ಆಗ ಹೆಗಲ ಮೇಲೊಂದು ಶಾಲು ಬಿತ್ತು.

"ಏಳು ಮಗಳೇ," ಎಂದಳು ವೈನಾನಿ ಆಂಟಿ. "ಬೆಂಕಿ, ಹೊಗೆ, ಎದೆ ನಡುಗಿಸೋ ಸದ್ದು, ಇದೆಲ್ಲ ಈಗ ನಿನಗೆ ಬೇಡ."

"ಆಂಟಿ, ನಾನು ಬಸುರಿ ಅಲ್ಲ!"

"ನನಗೂ ಪ್ರತಿ ಸಲ ಹಾಗೇ ಅನಿಸ್ತಿತ್ತಮ್ಮ. ಐವರನ್ನ ಹೆತ್ತೆ."

ಒಂದು ಕಡೆ ಆಂಟಿ, ಇನ್ನೊಂದು ಕಡೆ ಕೆಪಾ. ಗಾಜಿನ ಪಾತ್ರೆ ಸಾಗಿಸುವ ಹಾಗೆ ಅವಳನ್ನು ಕಾರಿಗೆ ಸಾಗಿಸಿದರು. ತೆಂಗಿನ ಮರಗಳಾಚೆ ಜನ ಹೋ ಎಂದು ಕೂಗಿದರು.

"ಗಾಳಿ ಕಣೋ ಅದು! ಬಟ್ಟೆಯೊಳಗೆ ಗಾಳಿ ತುಂಬಿತ್ತು! ನಡಿ, ವಾಪಸ್ ಹೋಗೋಣ."

ಕೆಪಾ ಅಂಗೈಯಿಂದ ಸ್ಟಿಯರಿಂಗ್ ಒರೆಸತೊಡಗಿದ. "ಅಮ್ಮನಿಗೆ ಹೇಳಿಬಿಟ್ಟೆ. ನೆಂಟರೆಲ್ಲ ಆಗಲೇ ನಮ್ಮ ಅಂಗಳದಲ್ಲಿ ಸೇರಿದ್ದಾರಂತೆ."

"ಊಟಕ್ಕೆ?"

"ನಿನ್ನನ್ನ ಕುರ್ಚಿ ಬಿಟ್ಟು ಏಳೋಕೆ ಬಿಡಲ್ಲ, ಅಡುಗೆ ತಾನೇ ಮಾಡ್ತೀನಿ ಅಂದಳು ಅಮ್ಮ. ಈಗ ಬಸುರಿ ಅಲ್ಲ ಅಂತ ಹೇಳಿದ್ರೆ..."

ಹೋಕುಲಾನಿ ಸ್ವಲ್ಪ ಹೊತ್ತು ಡೋಲು ಕೇಳಿದಳು. ಆಮೇಲೆ ನಿಧಾನವಾಗಿ ಹಿಂದಕ್ಕೊರಗಿ ಕಣ್ಣು ಮುಚ್ಚಿದಳು.

"ಮೆಲ್ಲಗೆ ಓಡಿಸು," ಎಂದಳು. "ಕುಲುಕಬಾರದು."