ಹೊಳೆದರೆ ಕೆಟ್ಟುಹೋಗುವ ಚಿನ್ನ

ಚಿನ್ನ ಹೊಳೆಯಿತೆಂದು ಊಟ ಬಿಟ್ಟು ಮಲಗುವ ಹೆಣ್ಣನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಹೊಸೂರಿನ ಆಲಸನತ್ತಂನಲ್ಲಿರುವ ನಮ್ಮ ಮನೆಗೆ ಬನ್ನಿ. ನನ್ನ ಗಂಡನ ತಂಗಿ, ಅಂದರೆ ನನ್ನ ನಾದಿನಿ, ಐದು ವರ್ಷದಿಂದ ನಮ್ಮ ಜೊತೆಯಲ್ಲೇ ಇದ್ದಾಳೆ. ಬೆಳಗ್ಗೆ ಬಸ್ಸು ಹತ್ತಿ ರಾಜ್ಯದ ಗಡಿಯಾಚೆಯ ಪ್ರಯೋಗಾಲಯಕ್ಕೆ ಹೋಗಿ ಚಿನ್ನದ ಜೊತೆ ಜಗಳವಾಡುತ್ತಾಳೆ. ಸಂಜೆ ಬಂದು ಅದನ್ನೇ ನಮ್ಮ ಜೊತೆ ಮುಂದುವರಿಸುತ್ತಾಳೆ.

ಅವಳ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಆ ಗಾತ್ರಕ್ಕಿಳಿದರೆ ಚಿನ್ನ ಹಳದಿ ಬಿಟ್ಟು ಕೆಂಪಾಗುತ್ತದಂತೆ. ನೀರಿನಲ್ಲಿ ತೇಲುವಾಗ ಥೇಟ್ ಬೀಟ್‌ರೂಟ್ ಬೇಯಿಸಿದ ನೀರು! ಅದಕ್ಕೆ ಫುಲ್ಲರೀನ್ ಎಂಬುದನ್ನು ಸೇರಿಸಬೇಕು. ಅದು ಇದ್ದಿಲಿನ ನೆಂಟ. ಇಂಗಾಲದ ಅರವತ್ತು ಪರಮಾಣುಗಳು ಸೇರಿ ಫುಟ್‌ಬಾಲಿನಂತೆ ಆದ ಟೊಳ್ಳು ಚೆಂಡು. ಈ ಚೆಂಡುಗಳು ಚಿನ್ನದ ಕಣದ ಸುತ್ತ ಒಂದೇ ಸಮನಾಗಿ ಪದರ ಕಟ್ಟಬೇಕು. ಹಾಗಲ್ಲದೆ ಎಲ್ಲ ಅಂಟಿಕೊಂಡು ಗುಂಪುಗೂಡಿದರೆ ಕೆಂಪು ಹೋಗಿ ನೀಲಿಯಾಗುತ್ತದೆ. ಒಮ್ಮೊಮ್ಮೆ ಸೀಸೆಯ ಗೋಡೆಗೆ ಚಿನ್ನ ಫಳಫಳ ಹೊಳೆಯುತ್ತಾ ಮೆತ್ತಿಕೊಳ್ಳುತ್ತದೆ. ಹೊಳೆಯಿತೋ, ಕೆಟ್ಟಿತು! ಅವತ್ತು ನಮ್ಮ ಮನೆಯಲ್ಲಿ ಯಾರೂ ಟಿವಿ ಹಾಕುವಂತಿಲ್ಲ.

ಇವಳು ಚಿನ್ನದ ಮೇಲೆ ಓದುತ್ತಿದ್ದಾಳೆಂಬ ಸುದ್ದಿ ಬೀದಿಗೆ ಗೊತ್ತಾಗದೆ ಇರುತ್ತದೆಯೇ? ಮೇಲಿನ ಮನೆಯ ತಮಿಳಿನಾಕೆ ಹೊಸ ಸರ ಹಿಡಿದುಕೊಂಡು ಇಳಿದು ಬಂದರು. "ಇದು ಒರಿಜಿನಲ್ ತಂಗಮಾ, ಕೊಂಜ ನೋಡಮ್ಮಾ" ಅಂದರು, ಅಸಲಿ ಚಿನ್ನವೇ ಎಂದು ತಿಳಿಯಲು. ನಾದಿನಿ ಸರವನ್ನು ತಿರುಗಿಸಿ ಮುರುಗಿಸಿ ನೋಡಿ ಗಂಭೀರವಾಗಿ ವಾಪಸು ಕೊಟ್ಟಳು. "ಇಷ್ಟ್ ದೊಡ್ ಚಿನ್ನದ್ ಬಗ್ಗೆ ನಂಗೇನೂ ಗೊತ್ತಿಲ್ಲಕ್ಕಾ. ನಮ್ಮದೆಲ್ಲಾ ಬಾಳ ಸಣ್ಣದು." ಆಕೆ ಇವತ್ತಿಗೂ ನಮ್ಮನ್ನು ಕಂಡರೆ ಅಯ್ಯೋ ಪಾಪ ಎನ್ನುತ್ತಾರೆ.

ಯಾವುದನ್ನು ಮೊದಲು ಹಾಕಬೇಕು, ಯಾವುದನ್ನು ಆಮೇಲೆ? ಅವಳ ತಲೆಯಲ್ಲಿ ಇದೊಂದೇ. ಒಂದು ಭಾನುವಾರ ಅಡುಗೆಮನೆ ಅವಳ ಕೈಗೆ ಸಿಕ್ಕಿತು. ಸಾಸಿವೆ ಮೊದಲು ಹಾಕಿದ ಒಗ್ಗರಣೆ, ಕರಿಬೇವು ಮೊದಲು ಹಾಕಿದ ಒಗ್ಗರಣೆ, ಎರಡೂ ಒಟ್ಟಿಗೆ ಬಿದ್ದ ಒಗ್ಗರಣೆ! ಮೂರು ಬಟ್ಟಲು ಸಾರು, ಒಂದೊಂದಕ್ಕೂ ಚೀಟಿ. ನನ್ನ ಗಂಡ ಫ್ಯಾಕ್ಟರಿಯಿಂದ ಹಸಿದು ಬಂದವರು ಮೂರನ್ನೂ ಒಂದೇ ತಟ್ಟೆಗೆ ಸುರಿದುಕೊಂಡು ಉಂಡರು. ಅಣ್ಣನ ಜೊತೆ ಎರಡು ದಿನ ಮಾತಿಲ್ಲ.

ನಮ್ಮ ನಗು ನಿಂತದ್ದು ಕಳೆದ ಚಳಿಗಾಲದಲ್ಲಿ. ಡಾಕ್ಟರೇಟಿನ ಪ್ರಬಂಧ ಒಪ್ಪಿಸಲು ಎರಡೇ ತಿಂಗಳಿತ್ತು. ಪದರ ಅವಳು ಬಯಸಿದಂತೆ ಕಟ್ಟಿದ್ದು ಮಾತ್ರ ಒಂದೇ ಒಂದು ಸಲ. ಸತತ ಮೂರು ಸಲ ಬರದಿದ್ದರೆ ಆ ಅಧ್ಯಾಯವನ್ನೇ ತೆಗೆದುಬಿಡಬೇಕೆಂದು ಗೈಡು ಹೇಳಿದ್ದರು. ಅದನ್ನು ತೆಗೆದರೆ ಐದು ವರ್ಷದಲ್ಲಿ ಉಳಿಯುವುದು ಬರೀ ರಟ್ಟು. ಅದೇ ಅಳತೆ, ಅದೇ ಬಿಸಿ, ಆದರೂ ದಿನವೂ ನೀಲಿ. ಜಗಳವಾಡುವುದನ್ನೂ ಬಿಟ್ಟು ಮೂಲೆ ಹಿಡಿದಳು. ನನಗೆ ಹೆದರಿಕೆಯಾಗಿ ತಳಿ ಎಂಬ ಊರಿಗೆ, ಅವಳ ಅವ್ವನ ಹತ್ತಿರ ಕರೆದುಕೊಂಡು ಹೋದೆ.

ಅತ್ತೆ ಆಗಷ್ಟೇ ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದಿದ್ದರು. ಸುಮ್ಮನಿರಲಾರದ ಇವಳು ಕೋಲು ಹಿಡಿದು ತಿರುವಲು ಹೋದಳು. ಅತ್ತೆ ಕೈಗೆ ಒಂದೇಟು ಕೊಟ್ಟರು.

"ಸುಮ್ಕಿರೇ. ಹಿಟ್ಟು ಹಾಕ್ತಲೇ ಕೆದಕಿದ್ರೆ ಗಂಟಾಯ್ತದೆ. ಬೇಯಕ್ ಬುಡು, ಆಮ್ಯಾಕೆ ತಿರುವು."

"ಎಷ್ಟೊತ್ತು ಬುಡ್ಬೇಕವ್ವ?"

"ಒಂದ್ಸಲ ಎಲೆ ಅಡಿಕೆ ಹಾಕ್ಕಳಷ್ಟೊತ್ತು."

ಇವಳು ತಕ್ಷಣ ಅತ್ತೆಗೆ ಎಲೆ ಅಡಿಕೆ ಮಡಿಸಿ ಕೊಟ್ಟು, ಫೋನಿನಲ್ಲಿ ಗಡಿಯಾರ ಹಚ್ಚಿ ಎದುರಿಗೆ ಕೂತಳು! ಮೂರು ದಿನ ಹೊತ್ತುಹೊತ್ತಿಗೂ ಮುದ್ದೆ. ಪ್ರತಿಯೊಂದನ್ನೂ ದಾರದಲ್ಲಿ ಕುಯ್ದು ಒಳಗೆ ಗಂಟಿದೆಯೇ ಎಂದು ನೋಡಿದಳು. "ಓದೀ ಓದೀ ಹಿಂಗಾಗೋಯ್ತಾ ಮಗ?" ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು.

ಆಮೇಲೆ ಅವಳು ಲ್ಯಾಬಿನ ನೋಟ್‌ಬುಕ್ಕು ತೆಗೆದು, ಸರಿಬಂದ ಆ ಒಂದು ದಿನದ ಪುಟ ಬಿಡಿಸಿದಳು. ದಿನವೂ ಫುಲ್ಲರೀನ್ ಹಾಕಿದ ಕೂಡಲೇ ಕಲಕುತ್ತಿದ್ದವಳು ಅವತ್ತು ಕಲಕದೆ ಹಾಗೇ ಬಿಟ್ಟು ಹೊರಗೆ ಹೋಗಿದ್ದಳು. ಅಂಚಿನಲ್ಲಿ ಅವಳದೇ ಅಕ್ಷರ: 'ಅವ್ವನ ಫೋನು. ಹದಿನೆಂಟು ನಿಮಿಷ.'

ಮರುದಿನದ ಮೊದಲ ಬಸ್ಸಿಗೇ ಹೊರಟಳು. ಆ ವಾರ ಮೂರು ಸಲ ಮಾಡಿದಳು, ಮೂರು ಸಲವೂ ಕೆಂಪು.

ಕೊನೆಯ ಮೌಖಿಕ ಪರೀಕ್ಷೆಯ ದಿನ ಅತ್ತೆಯೂ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಎಲ್ಲ ಇಂಗ್ಲಿಷು. ಹದಿನೆಂಟು ನಿಮಿಷ ಕಲಕದೆ ಬಿಡಬೇಕೆಂದು ಹೇಗೆ ಹೊಳೆಯಿತು ಎಂದು ಪರೀಕ್ಷಕರು ಕೇಳಿದರು. ನಾದಿನಿ ಕನ್ನಡದಲ್ಲೇ, "ನಮ್ಮವ್ವ ಹೇಳ್ಕೊಟ್ಳು" ಅಂದಳು. ಆಮೇಲೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು.

ಅತ್ತೆ ಗಾಬರಿಯಿಂದ ನನ್ನ ಕೈ ಹಿಡಿದರು. "ನನ್ನೆಸ್ರು ಯಾಕ್ ಯೋಳ್ತಾವ್ಳೆ? ನನ್ನಿಂದ ಏನಾರ ತಪ್ಪಾಯ್ತಾ?"

"ಇಲ್ಲ ಅತ್ತೆ. ನಿಮ್ಮಿಂದ್ಲೇ ಸರಿಹೋಯ್ತು ಅಂತಾವ್ಳೆ" ಎಂದೆ. ಇಂಥವಳು ನಮ್ಮ ಮನೆಯವಳಲ್ಲ ಎಂದು ಯಾರಾದರೂ ಅಂದಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ.

ಇನ್ನು ಮೇಲೆ ಅವಳು ಡಾಕ್ಟರ್ ಎಂದು ಪರೀಕ್ಷಕರು ಸಾರಿ, ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಅವಳು ನೇರ ಹಿಂದಿನ ಸಾಲಿಗೆ ಬಂದು ಅವ್ವನ ಕೈಯಲ್ಲಿ ಕೆಂಪು ನೀರಿನ ಪುಟ್ಟ ಸೀಸೆ ಇಟ್ಟಳು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಎಲ್ಲೇ ಚಿನ್ನ?"

"ಇದ್ರೊಳ್ಗೇ ಅದೆ ಕಣವ್ವ. ಕಣ್ಣಿಗ್ ಕಾಣಕ್ಕಿಲ್ಲ."

"ನಂಗ್ ಕಾಣ್ದಿದ್ರೇನು, ನಿಂಗ್ ಕಾಣ್ತದಲ್ಲ" ಎಂದರು ಅತ್ತೆ. ಸೀಸೆಯನ್ನು ಸೆರಗಿನಲ್ಲಿ ಒರೆಸಿ, ಎರಡೂ ಕಣ್ಣಿಗೆ ಒತ್ತಿಕೊಂಡರು.